ಬೆಳ್ಳಗಿರುವುದೆಲ್ಲ ಹಾಲಲ್ಲ

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ನಮ್ಮ ವಾಚಕರಲ್ಲಿ ಅರಿಯದವರಿಲ್ಲ. ಮನುಷ್ಯರ ಸ್ವಭಾವವನ್ನು ಕುರಿತು ಹಿರಿಯರು ಈ ಮಾತನ್ನಾಡಿದರಾದರೂ, ಅಡಿಗೆಯ ಮನೆಯ ಗೂಡಿನಲ್ಲಿ ಸಾಲಾಗಿಟ್ಟಿರುವ ಡಬ್ಬಿಗಳ ಮುಂದೆ ನಿಂತು ನೋಡಿದರೆ ಅದು ಅಕ್ಷರಶಃ ನಿಜವೆಂದು ತೋರುತ್ತದೆ. ಪುಡಿಯುಪ್ಪು ಬಿಳಿದು, ಸಕ್ಕರೆ ಬಿಳಿದು, ಅಡಿಗೆಯ ಸೋಡ ಬಿಳಿದು, ಬಟ್ಟೆ ಒಗೆಯುವ ಸೋಡ ಬಿಳಿದು, ಪಟಿಕದ ಪುಡಿ ಬಿಳಿದು. ಹಿತ್ತಲ ಕಡೆಯ ಮಾಡದಲ್ಲಿಟ್ಟ ಸುಣ್ಣವೂ ಬ್ಲೀಚಿಂಗ್ ಪುಡಿಯೂ ಬಿಳಿಯವೇ. ಕಣ್ಣಿಗೆ ಇವೆಲ್ಲ ಒಂದೇ. ಹೊಟ್ಟೆಗೆ ಒಂದೇ ಅಲ್ಲ.

ಹೀಗೆ ಒಂದೇ ಬಗೆಯಾಗಿ ತೋರುವ ಪದಾರ್ಥಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಹೇಗೆ, ಅವುಗಳ ಗುಣಗಳನ್ನು ಅರಿಯುವುದು ಹೇಗೆ, ಒಂದರೊಡನೆ ಮತ್ತೊಂದು ಸೇರಿದಾಗ ಏನಾಗುವುದು, ಇವೇ ರಸಾಯನಶಾಸ್ತ್ರದ ಮೊದಲ ಪಾಠಗಳು. ಶಾಲೆಯ ಮಕ್ಕಳು ಇವನ್ನು ಪರೀಕ್ಷೆಗೋಸ್ಕರ ಬಾಯಿಪಾಠ ಮಾಡಿ ಮರೆಯುತ್ತಾರೆ. ಮನೆಯನ್ನು ನಡೆಯಿಸುವವರಿಗಾದರೋ ಇವು ದಿನವೂ ಬೇಕಾದ ತಿಳಿವಳಿಕೆ. ಇವನ್ನರಿಯದಿದ್ದರೆ ಸಾರು ಕೆಡುವುದುಂಟು, ಹಣ ಹೋಗುವುದುಂಟು. ಕೆಲವು ವೇಳೆ ಪ್ರಾಣವೇ ಹೋಗುವುದುಂಟು. ಆದಕಾರಣ ಈ ತಿಂಗಳ ಪ್ರಸ್ತಾವವನ್ನು ಈ ವಿಷಯಕ್ಕೆ ಮೀಸಲಾಗಿಟ್ಟಿದ್ದೇವೆ.

ಮೊದಲು ದ್ರವ್ಯವೆಂದರೇನೆಂಬುದನ್ನು ನೋಡೋಣ. ಯಾವುದು ಸ್ಥಳವನ್ನು ಆಕ್ರಮಿಸಿಕೊಂಡಿರುವುದೋ, ಯಾವುದಕ್ಕೆ ತೂಕವುಂಟೋ, ಅದೆಲ್ಲವೂ ದ್ರವ್ಯ. ಒರಳುಕಲ್ಲು ದ್ರವ್ಯ, ಎಣ್ಣೆ ದ್ರವ್ಯ, ಗಾಳಿಯೂ ದ್ರವ್ಯವೇ. ದೀಪದ ಬೆಳಕು, ಒಲೆಯ ಕಾವು, ಗಂಟೆಯ ನಾದ ಇವು ದ್ರವ್ಯಗಳಲ್ಲ. ಇವನ್ನು ತಕ್ಕಡಿಯಲ್ಲಿಟ್ಟು ತೂಗಲಾಗದು, ಡಬ್ಬಿಯಲ್ಲಿ ತುಂಬಿಡಲಾಗದು. ಗಾಳಿಗೆ ತೂಕವುಂಟೆಂದರೆ ಕೆಲವರು ನಗಬಹುದು. ಆದರೆ ಸಮುದ್ರತೀರದ ಊರಿನಲ್ಲಿ ಮೂರು ಮೀಟರು ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರವಿರುವ ಒಂದು ಕೋಣೆಯೊಳಗಣ ಗಾಳಿಯು ೩೦ ಕಿಲೋಗ್ರಾಮಿಗೂ ಮಿಕ್ಕು ತೂಗುವುದು. ಲೋಟವೊಂದನ್ನು ಬೋರಲಾಗಿ ಹಿಡಿದು ನೀರು ತುಂಬಿದ ಬೋಗುಣಿಯಲ್ಲಿ ಒತ್ತಿ ನೋಡಿರಿ. ಲೋಟದೊಳಕ್ಕೆ ನೀರು ಪೂರ್ತಿಯಾಗಿ ಏರದು. ಒಳಗಿರುವ ಗಾಳಿಯು ತನ್ನ ಸ್ಥಳವನ್ನು ಸುಲಭವಾಗಿ ಬಿಟ್ಟುಕೊಡದು. ಇದನ್ನು ಮಕ್ಕಳಿಗೆ ಒಮ್ಮೆ ಮಾಡಿ ತೋರಿಸಿದರೆ ಅವರು ಎಂದಿಗೂ ಮರೆಯರು.

ಈ ದ್ರವ್ಯವು ನಮ್ಮ ಮನೆಗಳಲ್ಲಿ ಮೂರು ಅವಸ್ಥೆಗಳಲ್ಲಿ ಕಾಣಬರುತ್ತದೆ. ಬೆಲ್ಲದ ಅಚ್ಚನ್ನು ಎಲ್ಲಿಟ್ಟರೂ ಅದು ತನ್ನ ಆಕಾರವನ್ನೂ ಗಾತ್ರವನ್ನೂ ಬಿಡದು, ಇದು ಘನ. ನೀರು ಚೆಂಬಿನಲ್ಲಿ ಚೆಂಬಿನ ಆಕಾರವನ್ನೂ ಹಂಡೆಯಲ್ಲಿ ಹಂಡೆಯ ಆಕಾರವನ್ನೂ ತಾಳುವುದು, ಆದರೆ ಅದರ ಅಳತೆ ಮಾತ್ರ ಬದಲಾಗದು, ಇದು ದ್ರವ. ಗಾಳಿ, ಆವಿ ಮೊದಲಾದುವಕ್ಕೆ ಸ್ವಂತ ಆಕಾರವೂ ಇಲ್ಲ, ಸ್ವಂತ ಗಾತ್ರವೂ ಇಲ್ಲ; ಎಷ್ಟು ಎಡೆ ದೊರೆತರೆ ಅಷ್ಟನ್ನೂ ತುಂಬಿಕೊಳ್ಳುವುವು; ಇವು ಅನಿಲಗಳು. ಎಲ್ಲ ದ್ರವ್ಯವೂ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಣಗಳಿಂದಾದುದು. ಘನದಲ್ಲಿ ಈ ಕಣಗಳು ಒತ್ತೊತ್ತಾಗಿದ್ದು ತಮ್ಮತಮ್ಮ ಎಡೆಯಲ್ಲಿಯೇ ಕಂಪಿಸುತ್ತಿರುವುವು. ದ್ರವದಲ್ಲಿ ಒಂದನ್ನೊಂದು ಬಿಟ್ಟುಹೋಗದೆ ಜಾರಾಡುವುವು. ಅನಿಲದಲ್ಲಿ ದೂರದೂರವಾಗಿ ಮನಬಂದಂತೆ ಹಾರಾಡುವುವು. ಕಾವನ್ನು ಹೆಚ್ಚಿಸಿದರೆ ಕಣಗಳ ಚಲನೆ ಹೆಚ್ಚಿ ಘನವು ದ್ರವವಾಗುವುದು, ದ್ರವವು ಅನಿಲವಾಗುವುದು. ಮಂಜುಗಡ್ಡೆ, ನೀರು, ಆವಿ ಇವು ಮೂರು ವೇಷಗಳು. ಒಳಗಿರುವ ವಸ್ತು ಒಂದೇ.

ಅವಸ್ಥೆಯ ಈ ಭೇದವನ್ನು ಗೃಹಸ್ಥರು ಚೆನ್ನಾಗಿ ತಿಳಿದಿರಬೇಕಾದ ಒಂದು ಸಂದರ್ಭವನ್ನು ಹೇಳುತ್ತೇವೆ. ಸೌದೆಯ ಎಡೆಯಲ್ಲಿ ಬಂದಿರುವ ಅಡಿಗೆಯ ಅನಿಲವು ಮನೆಗೆ ಬರುವ ೧೪.೨ ಕಿಲೋಗ್ರಾಮಿನ ಸಿಲಿಂಡರಿನೊಳಗೆ ಒತ್ತಡದ ದೆಸೆಯಿಂದ ಬಹುಮಟ್ಟಿಗೆ ದ್ರವವಾಗಿರುತ್ತದೆ. ಹೊರಬಿದ್ದೊಡನೆ ಅದು ಅನಿಲವಾಗಿ ಸುಮಾರು ೨೫೦ ಪಾಲು ಹಿಗ್ಗುವುದು. ಆದುದರಿಂದ ಲೋಟದಷ್ಟು ದ್ರವವು ಸೋರಿದರೂ ಅಡಿಗೆಯ ಮನೆಯಲ್ಲಿ ಅಪಾಯವುಂಟು. ಈ ಅನಿಲವು ಗಾಳಿಗಿಂತ ಭಾರವಾದುದು. ಮೇಲಕ್ಕೇರಿ ಹೋಗದೆ ನೆಲದ ಮೇಲೆ ಹರಡಿ ಮೂಲೆಗಳಲ್ಲಿ ನಿಲ್ಲುವುದು. ಅದಕ್ಕೆ ಸ್ವಭಾವತಃ ವಾಸನೆಯೇ ಇಲ್ಲ. ಸೋರಿದುದು ಜನರಿಗೆ ತಿಳಿಯಲೆಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ಪದಾರ್ಥವನ್ನು ಅದರಲ್ಲಿ ಬೇಕೆಂದೇ ಸೇರಿಸಿರುತ್ತಾರೆ. ಈ ಗುಣಗಳನ್ನರಿತವರು ಮಾಡಬೇಕಾದುದು ತಾನೇ ಹೊಳೆಯುತ್ತದೆ. ವಾಸನೆ ಬಂದೊಡನೆ ಬೆಂಕಿಕಡ್ಡಿಯನ್ನು ಗೀರಬಾರದು. ವಿದ್ಯುದ್ದೀಪದ ಸ್ವಿಚ್ಚನ್ನು ಹಾಕಲೂ ಬಾರದು, ಆರಿಸಲೂ ಬಾರದು, ಏಕೆಂದರೆ ಎರಡರಲ್ಲಿಯೂ ಕಿಡಿ ಹಾರಬಹುದು. ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಎಲ್ಲರೂ ಹೊರಗೆ ಬಂದು, ಬಳಿಕ ೧೯೦೬ ಎಂಬ ಸಹಾಯವಾಣಿಗೆ ತಿಳಿಸತಕ್ಕದ್ದು. ಮೇಲಿನ ಗವಾಕ್ಷಿಯೊಂದು ತೆರೆದಿದ್ದರೆ ಸಾಲದು. ನೆಲದ ಮಟ್ಟದಲ್ಲಿ ಗಾಳಿಯಾಡುವಂತೆ ಬಾಗಿಲನ್ನೇ ತೆರೆಯಬೇಕು.

ಇನ್ನು ಗುಣಗಳ ವಿಚಾರ. ಒಂದು ಪದಾರ್ಥವನ್ನು ಮತ್ತೊಂದಾಗಿ ಮಾರ್ಪಡಿಸದೆಯೇ ಕಂಡುಕೊಳ್ಳಬಹುದಾದ ಗುಣಗಳಿಗೆ ಭೌತಗುಣಗಳೆಂದು ಹೆಸರು. ಬಣ್ಣ, ವಾಸನೆ, ಗಡಸುತನ, ಸಾಂದ್ರತೆ, ಕರಗುವ ಉಷ್ಣತೆ, ಕುದಿಯುವ ಉಷ್ಣತೆ, ನೀರಿನಲ್ಲಿ ಕರಗುವಿಕೆ ಇವೆಲ್ಲ ಭೌತಗುಣಗಳು. ರುಚಿಯೂ ಒಂದು ಗುಣವೇ ಆದರೂ, ಗುರುತು ತಿಳಿಯದ ಪುಡಿಯನ್ನು ನಾಲಗೆಗೆ ಹಚ್ಚಿ ನೋಡುವ ವಾಡಿಕೆಯನ್ನು ಈ ದಿನವೇ ಬಿಟ್ಟುಬಿಡಬೇಕೆಂದು ನಾವು ಒತ್ತಿ ಹೇಳುತ್ತೇವೆ. ನಾಲಗೆಯಿಂದ ಪರೀಕ್ಷಿಸುವವನು ತನ್ನ ದೇಹವನ್ನೇ ಪರೀಕ್ಷೆಗೆ ಒಡ್ಡಿದಂತಾಯಿತು.

ಬಣ್ಣವೂ ಹೊಳಪೂ ಮೋಸಮಾಡಬಲ್ಲವು. ಅಳೆದು ನೋಡಬಹುದಾದ ಗುಣಗಳು ಅಷ್ಟು ಸುಲಭವಾಗಿ ಮೋಸಮಾಡವು. ಚಿನ್ನವನ್ನೇ ತೆಗೆದುಕೊಳ್ಳೋಣ. ಬೆಳಗಿದ ಹಿತ್ತಾಳೆಗೂ ಚಿನ್ನಕ್ಕೂ ದೂರದಿಂದ ಭೇದವನ್ನು ಕಾಣುವುದು ಕಷ್ಟ. ಆದರೆ ಅಪರಂಜಿ ಚಿನ್ನವು ಅಷ್ಟೇ ಗಾತ್ರದ ನೀರಿಗಿಂತ ೧೯.೩ ಪಾಲು ಭಾರ. ಹಿತ್ತಾಳೆಯು ಸುಮಾರು ೮.೫ ಪಾಲು ಮಾತ್ರ. ಹತ್ತು ಗ್ರಾಂ ಚಿನ್ನವನ್ನು ನೀರಿನಲ್ಲಿ ಮುಳುಗಿಸಿದರೆ ಅರ್ಧ ಮಿಲಿಲೀಟರಿಗಿಂತ ತುಸು ಹೆಚ್ಚಾಗಿ ನೀರು ಮೇಲೇರುವುದು. ಹತ್ತು ಗ್ರಾಂ ಹಿತ್ತಾಳೆಯನ್ನು ಮುಳುಗಿಸಿದರೆ ಅದರ ಇಮ್ಮಡಿಗಿಂತ ಹೆಚ್ಚು ಏರುವುದು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಸಿರಕ್ಯೂಸಿನ ಆರ್ಕಿಮಿಡೀಸನು ತನ್ನ ಅರಸನ ಕಿರೀಟದಲ್ಲಿ ಬೆಳ್ಳಿ ಬೆರೆತಿತ್ತೆಂಬುದನ್ನು ಇದೇ ತತ್ತ್ವದಿಂದ ಕಂಡುಹಿಡಿದನೆಂದು ಪ್ರಸಿದ್ಧವಾದ ಕಥೆಯುಂಟು. ಇಂದು ಒಡವೆ ಕೊಳ್ಳುವವರು ಇಷ್ಟು ಶ್ರಮಪಡಬೇಕಾಗಿಲ್ಲ. ಸಾವಿರಕ್ಕೆ ೯೧೬ ಪಾಲು ಚಿನ್ನವುಳ್ಳ ೨೨ ಕ್ಯಾರೆಟ್ಟಿನ ಒಡವೆಗೆ ಹಾಲ್‌ಮಾರ್ಕ್ ಎಂಬ ಮುದ್ರೆಯೂ ಆರು ಅಕ್ಷರಾಂಕಗಳ ಒಂದು ಗುರುತೂ ಇರುತ್ತವೆ. ಅವನ್ನು ಕೇಳಿ ನೋಡಿ ಕೊಳ್ಳತಕ್ಕದ್ದು.

ಕುದಿಯುವ ಉಷ್ಣತೆಯೂ ಇಂತಹ ಅಳತೆಯ ಗುಣವೇ. ಆದರೆ ಅದು ಸುತ್ತಲಿನ ಗಾಳಿಯ ಒತ್ತಡವನ್ನು ಅವಲಂಬಿಸಿದೆ. ಮಂಗಳೂರಿನಲ್ಲಿ ನೀರು ೧೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವುದು. ಸಮುದ್ರಮಟ್ಟದಿಂದ ೯೦೦ ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಸುಮಾರು ೯೭ ಡಿಗ್ರಿಗೇ ಕುದಿಯುವುದು. ಆದುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಘಟ್ಟದ ಮೇಲೆ ಹೆಚ್ಚು ಹೊತ್ತು ಹಿಡಿಯುವುದು. ಒತ್ತಡದ ಕುಕ್ಕರಿನೊಳಗೆ ಆವಿಯನ್ನು ಬಂಧಿಸಿದಾಗ ನೀರಿನ ಉಷ್ಣತೆ ೧೨೦ ಡಿಗ್ರಿಯ ಸಮೀಪಕ್ಕೆ ಏರುವುದರಿಂದ ಅದೇ ಬೇಳೆ ಬೇಗನೆ ಬೇಯುವುದು. ಬೆಂಕಿಯನ್ನು ಎಷ್ಟು ಹೆಚ್ಚಿಸಿದರೂ ತೆರೆದ ಪಾತ್ರೆಯಲ್ಲಿ ಕುದಿಯುತ್ತಿರುವ ನೀರಿನ ಉಷ್ಣತೆ ಏರದು. ಅನಿಲವು ಮಾತ್ರ ವ್ಯರ್ಥವಾಗಿ ಉರಿದುಹೋಗುವುದು.

ಒಂದೇ ಗುಣವನ್ನು ನಂಬಿ ತೀರ್ಮಾನಿಸಬಾರದೆಂಬುದಕ್ಕೆ ಹಾಲು ಒಳ್ಳೆಯ ನಿದರ್ಶನ. ಹಾಲು ನೀರಿಗಿಂತ ತುಸು ಸಾಂದ್ರ. ನೀರು ಬೆರೆಸಿದರೆ ಅದರ ಸಾಂದ್ರತೆ ತಗ್ಗುವುದು. ಇದನ್ನು ಲ್ಯಾಕ್ಟೊಮೀಟರು ತೋರಿಸಿಕೊಡುತ್ತದೆ. ಆದರೆ ಕೆನೆಯು ಹಾಲಿಗಿಂತ ಹಗುರ. ಮೊದಲು ಕೆನೆಯನ್ನು ತೆಗೆದರೆ ಉಳಿದ ಹಾಲಿನ ಸಾಂದ್ರತೆ ಏರುವುದು. ಬಳಿಕ ತಕ್ಕಷ್ಟು ನೀರನ್ನು ಬೆರೆಸಿದರೆ ಅದು ಮತ್ತೆ ಮೊದಲಿನ ಗೆರೆಗೇ ಬಂದು ನಿಲ್ಲುವುದು. ಹೀಗೆ ಎರಡು ಮೋಸಗಳು ಸೇರಿ ಒಂದು ಸತ್ಯದಂತೆ ತೋರುವುವು! ಸಾಂದ್ರತೆಯೊಡನೆ ಕೊಬ್ಬಿನ ಅಂಶವನ್ನೂ ಅಳೆದರೆ ಮಾತ್ರ ನಿಜವು ಹೊರಬೀಳುವುದು.

ಭೌತಗುಣಗಳಲ್ಲದೆ ರಾಸಾಯನಿಕ ಗುಣಗಳೆಂಬುವೂ ಉಂಟು. ಒಂದು ಪದಾರ್ಥವು ಮತ್ತೊಂದರೊಡನೆ ಕೂಡಿ ಹೊಸ ಪದಾರ್ಥವಾಗುವ ಅಥವಾ ಹಾಗಾಗದೆ ತನ್ನಂತೆಯೇ ಉಳಿಯುವ ಸ್ವಭಾವವೇ ಅದರ ರಾಸಾಯನಿಕ ಗುಣ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದು, ಬೆಳ್ಳಿಯು ಗಂಧಕದ ಸಂಬಂಧದಿಂದ ಕಪ್ಪಾಗುವುದು, ಚಿನ್ನವು ನೂರಾರು ವರ್ಷ ಮಣ್ಣಿನಲ್ಲಿದ್ದರೂ ಕಳೆಗುಂದದಿರುವುದು ಇವು ನಿದರ್ಶನಗಳು. ಬೀದರಿನ ಬಿದ್ರಿ ಕೆಲಸವು ಇಂತಹ ಗುಣಭೇದದ ಮೇಲೆಯೇ ನಿಂತಿದೆ. ಹೆಚ್ಚು ಪಾಲು ಸತುವು, ಕಡಮೆ ಪಾಲು ತಾಮ್ರ ಇವುಗಳನ್ನು ಸೇರಿಸಿ ಎರಕ ಹೊಯ್ದು, ಅದರಲ್ಲಿ ಬೆಳ್ಳಿಯ ತಂತಿಯನ್ನೂ ತಗಡನ್ನೂ ಕೂರಿಸಿ, ಬೀದರ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿದ ನೀರಿನಿಂದ ಅದನ್ನು ಸಂಸ್ಕರಿಸುತ್ತಾರೆ. ಎರಕದ ಲೋಹವು ಕಾಡಿಗೆಯಂತೆ ಕಪ್ಪಾಗುವುದು. ಬೆಳ್ಳಿಯು ಬೆಳ್ಳಗೇ ಉಳಿಯುವುದು. ಒಂದೇ ಮಣ್ಣಿನ ಸಂಪರ್ಕಕ್ಕೆ ಬಂದ ಎರಡು ಲೋಹಗಳು ಎರಡು ಬಗೆಯಾಗಿ ವರ್ತಿಸಿದುದರಿಂದಲೇ ಆ ಹೂಬಳ್ಳಿಗಳ ಸೊಬಗು ಕಾಣುವುದು.

ನಮ್ಮ ಮನೆಗಳ ಹುಣಿಸೆಹಣ್ಣನ್ನು ನೋಡಿರಿ. ಅದರಲ್ಲಿ ಟಾರ್ಟಾರಿಕ್ ಆಮ್ಲವೆಂಬ ಹುಳಿಯುಂಟು. ಕಪ್ಪಡರಿದ ತಾಮ್ರದ ಬಿಂದಿಗೆಯನ್ನು ಹುಣಿಸೆಹಣ್ಣಿನಿಂದ ಉಜ್ಜಿದರೆ ಆ ಹುಳಿಯು ಮೇಲಿನ ಕಪ್ಪನ್ನು ಕರಗಿಸಿ ಬಿಂದಿಗೆಯನ್ನು ಬೆಳಗಿಸುವುದು. ಇದೇ ಗುಣದ ದೆಸೆಯಿಂದಲೇ ಕಲಾಯಿಯಿಲ್ಲದ ತಾಮ್ರದ ಅಥವಾ ಹಿತ್ತಾಳೆಯ ಪಾತ್ರೆಯಲ್ಲಿ ಸಾರನ್ನೋ ಮಜ್ಜಿಗೆಯನ್ನೋ ಇಟ್ಟರೆ ಹುಳಿಯು ಲೋಹವನ್ನು ಕರಗಿಸಿಕೊಂಡು ಕಿಲುಬನ್ನುಂಟುಮಾಡುವುದು; ತಿಂದವರಿಗೆ ವಾಂತಿಯೂ ಹೊಟ್ಟೆನೋವೂ ಬರುವುವು. ಇದನ್ನು ತಡೆಯುವುದಕ್ಕಾಗಿಯೇ ಪಾತ್ರೆಯ ಒಳಮೈಗೆ ತವರದ ಕಲಾಯಿಯನ್ನು ಹಾಕುವುದು. ತವರವು ೨೩೨ ಡಿಗ್ರಿಗೇ ಕರಗುವುದರಿಂದ ಕಲಾಯಿಯವನ ಚಿಕ್ಕ ಒಲೆಯೇ ಅದಕ್ಕೆ ಸಾಕು. ಅಡಿಗೆಯ ಹುಳಿಗೆ ಅದು ಸುಲಭವಾಗಿ ಬಗ್ಗದು. ಆದರೆ ಅಗ್ಗದ ಆಸೆಯಿಂದ ತವರಕ್ಕೆ ಸೀಸವನ್ನು ಬೆರೆಸಿದರೆ ಮಾತ್ರ ಔಷಧವೇ ವಿಷವಾದಂತಾಗುವುದು. ಸೀಸವು ಮೆಲ್ಲಮೆಲ್ಲನೆ ದೇಹದಲ್ಲಿ ಸೇರಿ ಮುಖ್ಯವಾಗಿ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕೆಡಿಸುವುದು. ಶುದ್ಧವಾದ ತವರದ ಕಡ್ಡಿಯನ್ನು ಬಗ್ಗಿಸಿದರೆ ಕರಕರವೆಂಬ ಸಣ್ಣ ಸದ್ದು ಹೊರಡುವುದು. ಸೀಸಕ್ಕೆ ಆ ಸದ್ದಿಲ್ಲ. ಕಲಾಯಿ ಹಾಕಿಸುವಾಗ ಶುದ್ಧ ತವರವನ್ನೇ ಬಳಸಬೇಕೆಂದು ಹೇಳಿ, ಎದುರಿನಲ್ಲಿಯೇ ಹಾಕಿಸಿಕೊಳ್ಳುವುದು ಒಳ್ಳೆಯದು.

ಹೀಗೆಯೇ ಮಾರ್ಪಾಡುಗಳಲ್ಲಿಯೂ ಎರಡು ಬಗೆ. ತುಪ್ಪ ಕರಗುವುದು, ಸಕ್ಕರೆ ನೀರಿನಲ್ಲಿ ಬೆರೆಯುವುದು, ಒದ್ದೆಬಟ್ಟೆ ಒಣಗುವುದು ಇವು ಭೌತ ಮಾರ್ಪಾಡುಗಳು. ವಸ್ತು ಬದಲಾಗಲಿಲ್ಲ, ರೂಪವಷ್ಟೇ ಬದಲಾಯಿತು. ಹಾಲು ಮೊಸರಾಗುವುದು, ಸೌದೆ ಬೂದಿಯಾಗುವುದು ರಾಸಾಯನಿಕ ಮಾರ್ಪಾಡುಗಳು. ಮೊಸರನ್ನು ಮರಳಿ ಹಾಲು ಮಾಡಿದವರನ್ನು ಯಾರೂ ಕಂಡಿಲ್ಲ. ರಾಸಾಯನಿಕ ಮಾರ್ಪಾಡಿನಲ್ಲಿ ತೂಕದ ಲೆಕ್ಕವು ಎಂದಿಗೂ ತಪ್ಪದು. ಶುದ್ಧವಾದ ಸುಣ್ಣದ ಕಲ್ಲು ೧೦೦ ಕಿಲೋಗ್ರಾಂ ಸುಟ್ಟರೆ ೫೬ ಕಿಲೋಗ್ರಾಂ ಸುಟ್ಟ ಸುಣ್ಣ ದೊರೆಯುವುದು. ಉಳಿದ ೪೪ ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡ್ ಎಂಬ ಅನಿಲವಾಗಿ ಗಾಳಿಗೆ ಸೇರುವುದು. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತನೆ ಕುದಿದು ಅರಳುವುದನ್ನು ಎಲ್ಲರೂ ಕಂಡಿದ್ದಾರೆ. ಆ ಸುಣ್ಣವನ್ನು ಗೋಡೆಗೆ ಬಳಿದರೆ ಅದು ಗಾಳಿಯಿಂದ ಅದೇ ಅನಿಲವನ್ನು ಮತ್ತೆ ಹೀರಿಕೊಂಡು, ಕೊನೆಗೆ ಸುಣ್ಣದ ಕಲ್ಲೇ ಆಗಿ ಗೋಡೆಗೆ ಅಂಟಿಕೊಂಡಿರುವುದು. ಸುಣ್ಣ ಅರಳಿಸುವಾಗ ಮಕ್ಕಳನ್ನು ದೂರವಿರಿಸಬೇಕು. ಕಣ್ಣಿಗೆ ಸಿಡಿದರೆ ಉಜ್ಜದೆ, ಧಾರಾಳವಾಗಿ ನೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಇನ್ನು ದ್ರವ್ಯದ ಜಾತಿಭೇದವನ್ನು ಹೇಳುವೆವು. ನಮ್ಮ ಸುತ್ತಲಿನ ಪದಾರ್ಥಗಳಲ್ಲಿ ಬಹುಪಾಲು ಮಿಶ್ರಣಗಳು. ಮಿಶ್ರಣದಲ್ಲಿ ಸೇರಿದ ವಸ್ತುಗಳು ತಮ್ಮತಮ್ಮ ಗುಣಗಳನ್ನು ಬಿಟ್ಟುಕೊಡವು. ಅವುಗಳ ಪ್ರಮಾಣಕ್ಕೆ ನಿಯಮವಿಲ್ಲ. ಅವುಗಳ ಗುಣಭೇದವನ್ನು ಹಿಡಿದುಕೊಂಡೇ ಅವನ್ನು ಬೇರ್ಪಡಿಸಬಹುದು. ನಮ್ಮ ಹೆಂಗಸರು ಮೊರ, ಜರಡಿ, ಕಡೆಗೋಲುಗಳಿಂದ ದಿನವೂ ಮಾಡುತ್ತಿರುವುದು ಈ ಬೇರ್ಪಡಿಸುವ ಕೆಲಸವನ್ನೇ. ಮೊರವು ಹಗುರವನ್ನೂ ಭಾರವನ್ನೂ ವಿಂಗಡಿಸುವುದು. ಜರಡಿಯು ಸಣ್ಣದನ್ನೂ ದಪ್ಪವನ್ನೂ ವಿಂಗಡಿಸುವುದು. ಕಡೆಗೋಲು ಮಜ್ಜಿಗೆಯಲ್ಲಿ ಚದರಿದ್ದ ಕೊಬ್ಬನ್ನು ಒಟ್ಟುಗೂಡಿಸಿ ಬೆಣ್ಣೆಯಾಗಿ ಮೇಲೆತ್ತುವುದು. ಗೋಕರ್ಣದ ಸಮೀಪದ ಸಾಣಿಕಟ್ಟೆಯ ಉಪ್ಪಿನಾಗರಗಳಲ್ಲಿ ಸೂರ್ಯನು ನೀರನ್ನು ಆವಿಯಾಗಿ ಒಯ್ದು ಉಪ್ಪನ್ನು ಬಿಟ್ಟುಹೋಗುವನು. ಒಂದು ಕಿಲೋಗ್ರಾಂ ಸಮುದ್ರದ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳುಂಟು.

ಕೆಲವು ಮಿಶ್ರಣಗಳು ಕಣ್ಣಿಗೆ ಒಂದೇ ವಸ್ತುವಿನಂತೆ ತೋರುವುವು. ಹಿತ್ತಾಳೆಯು ತಾಮ್ರ ಮತ್ತು ಸತುವುಗಳ ಮಿಶ್ರಣ. ಕಂಚು ತಾಮ್ರ ಮತ್ತು ತವರಗಳ ಮಿಶ್ರಣ. ನಾವು ಉಸಿರಾಡುವ ಒಣಗಾಳಿಯಲ್ಲಿ ನೂರಕ್ಕೆ ೭೮ ಪಾಲು ಸಾರಜನಕ, ೨೧ ಪಾಲು ಆಮ್ಲಜನಕ, ಉಳಿದುದರಲ್ಲಿ ಬಹುಪಾಲು ಆರ್ಗಾನ್ ಇರುವುವು.

ಸಂಯುಕ್ತದ ರೀತಿಯೇ ಬೇರೆ. ಇದರಲ್ಲಿ ಸೇರಿದ ವಸ್ತುಗಳು ಗೊತ್ತಾದ ಪ್ರಮಾಣದಲ್ಲಿಯೇ ಸೇರುವುವು. ಸೇರಿದ ಬಳಿಕ ತಮ್ಮ ಹಳೆಯ ಗುಣಗಳನ್ನೆಲ್ಲ ಕಳೆದುಕೊಳ್ಳುವುವು. ಮೊರ ಜರಡಿಗಳಿಂದ ಬೇರ್ಪಡವು. ನಮ್ಮ ಉಪ್ಪೇ ಇದಕ್ಕೆ ಸಾಕ್ಷಿ. ಅದರ ನೂರು ಪಾಲಿನಲ್ಲಿ ಸುಮಾರು ೩೯ ಪಾಲು ಸೋಡಿಯಂ, ೬೧ ಪಾಲು ಕ್ಲೋರಿನ್. ಸೋಡಿಯಂ ಎಂಬುದು ನೀರು ಸೋಕಿದೊಡನೆ ರೇಗಿ ಹೊತ್ತಿಕೊಳ್ಳಬಲ್ಲ ಮೆತ್ತನೆಯ ಲೋಹ. ೧೮೦೭ರಲ್ಲಿ ಹಂಫ್ರಿ ಡೇವಿಯು ಇದನ್ನು ವಿದ್ಯುತ್ತಿನಿಂದ ಬೇರ್ಪಡಿಸಿದನು. ಕ್ಲೋರಿನ್ ಎಂಬುದು ೧೭೭೪ರಲ್ಲಿ ಷೀಲೆಯು ತಯಾರಿಸಿದ ಹಸುರುಹಳದಿ ಬಣ್ಣದ ವಿಷಾನಿಲ. ೧೯೧೫ರ ಏಪ್ರಿಲ್‌ನಲ್ಲಿ ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಬಳಿ ಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಇದನ್ನು ಬಳಸಿದರು. ಈ ಉಗ್ರವಸ್ತುಗಳೆರಡೂ ಕೂಡಿದಾಗ ನಮ್ಮ ಊಟದ ಎಲೆಯ ತುದಿಯಲ್ಲಿ ಮೊದಲು ಬಡಿಸುವ ಉಪ್ಪಾಗುವುದು!

ಯಾವ ರಾಸಾಯನಿಕ ವಿಧಾನದಿಂದಲೂ ಇನ್ನೂ ಸರಳವಾದ ವಸ್ತುಗಳಾಗಿ ಒಡೆಯಲಾಗದವು ಮೂಲವಸ್ತುಗಳು. ನಮ್ಮ ಪ್ರಾಚೀನರ ಪಂಚಭೂತಗಳೊಡನೆ ಇವನ್ನು ಕಲಸಬಾರದು. ಅವು ಇಂದ್ರಿಯಾನುಭವವನ್ನು ವಿವರಿಸುವ ತತ್ತ್ವವಿಚಾರಕ್ಕೆ ಸೇರಿದುವು, ಇವು ತಕ್ಕಡಿ ಮತ್ತು ಪ್ರಯೋಗಗಳ ಲೆಕ್ಕಕ್ಕೆ ಸೇರಿದುವು. ಹದಿನೆಂಟನೆಯ ಶತಮಾನದ ಕೊನೆಯವರೆಗೂ ಯೂರೋಪಿನಲ್ಲಿಯೂ ನೀರನ್ನು ಮೂಲವಸ್ತುವೆಂದೇ ಎಣಿಸುತ್ತಿದ್ದರು. ಕ್ಯಾವೆಂಡಿಷ್, ಲವಾಸಿಯೆ ಮೊದಲಾದವರ ಪ್ರಯೋಗಗಳಿಂದ ಅದು ಜಲಜನಕ ಒಂದು ಪಾಲು, ಆಮ್ಲಜನಕ ಎಂಟು ಪಾಲು ತೂಕದಂತೆ ಕೂಡಿದ ಸಂಯುಕ್ತವೆಂದು ತಿಳಿಯಬಂದಿತು. ೧೭೮೯ರಲ್ಲಿ ಲವಾಸಿಯೆಯು ಪ್ರಕಟಿಸಿದ ಪಟ್ಟಿಯಲ್ಲಿ ೩೩ ಮೂಲವಸ್ತುಗಳಿದ್ದುವು. ಅವುಗಳಲ್ಲಿ ಬೆಳಕನ್ನೂ ಕಾವನ್ನೂ ಅವನು ಸೇರಿಸಿದ್ದನು. ೧೮೬೯ರಲ್ಲಿ ರಷ್ಯದ ಮೆಂಡಲೀವನು ಅಂದು ತಿಳಿದಿದ್ದ ಮೂಲವಸ್ತುಗಳನ್ನು ಗುಣಾನುಸಾರವಾಗಿ ಸಾಲುಗೊಳಿಸಿ, ಇನ್ನೂ ಕಾಣದವುಗಳಿಗೆ ಖಾಲಿ ಎಡೆಗಳನ್ನು ಬಿಟ್ಟನು. ಇಂದು ೧೧೮ ಮೂಲವಸ್ತುಗಳು ತಿಳಿದಿವೆ. ಕೊನೆಯ ನಾಲ್ಕಕ್ಕೆ ೨೦೧೬ರಲ್ಲಿ ಹೆಸರಿಟ್ಟರು. ಚಿನ್ನವು ಬೇರೆ ವಸ್ತುಗಳೊಡನೆ ಸುಲಭವಾಗಿ ಕೂಡದುದರಿಂದ ಬಂಡೆಗಳಲ್ಲಿ ಬಹುಮಟ್ಟಿಗೆ ಮೂಲವಸ್ತುವಾಗಿಯೇ ದೊರೆಯುವುದು. ೨೦೦೧ರಲ್ಲಿ ಮುಚ್ಚಿದ ಕೋಲಾರದ ಗಣಿಗಳಲ್ಲಿಯೂ, ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿಯೂ ಅದನ್ನು ಹಾಗೆಯೇ ತೆಗೆದರು.

ಇಷ್ಟನ್ನೆಲ್ಲ ಹೇಳಿದುದು ಎರಡು ಮುಖ್ಯವಾದ ಎಚ್ಚರಿಕೆಗಳನ್ನು ಕಾರಣಸಹಿತವಾಗಿ ಮನಸ್ಸಿಗೆ ಮುಟ್ಟಿಸುವುದಕ್ಕಾಗಿ.

ಮೊದಲನೆಯದು ಬಾಣಂತಿಯ ಕೋಣೆಗೆ ಸಂಬಂಧಿಸಿದುದು. ಹನ್ನೆರಡು ಪಾಲು ಇಂಗಾಲವು ಮೂವತ್ತೆರಡು ಪಾಲು ಆಮ್ಲಜನಕದೊಡನೆ ಕೂಡಿದರೆ ಕಾರ್ಬನ್ ಡೈಆಕ್ಸೈಡ್ ಆಗುವುದು; ಇದನ್ನು ನಾವು ಪ್ರತಿ ಉಸಿರಿನಲ್ಲಿಯೂ ಹೊರಬಿಡುತ್ತೇವೆ. ಗಾಳಿಯು ಸಾಲದೆ, ಅದೇ ಹನ್ನೆರಡು ಪಾಲು ಇಂಗಾಲಕ್ಕೆ ಹದಿನಾರು ಪಾಲು ಆಮ್ಲಜನಕವಷ್ಟೇ ದೊರೆತರೆ ಕಾರ್ಬನ್ ಮಾನಾಕ್ಸೈಡ್ ಆಗುವುದು. ಮೂಲವಸ್ತುಗಳು ಅವೇ ಎರಡು. ಪ್ರಮಾಣ ಬೇರೆಯಾದುದರಿಂದ ಸ್ವಭಾವವೇ ಬೇರೆಯಾಯಿತು. ಈ ಎರಡನೆಯ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಕೆಂಪುಕಣಗಳನ್ನು ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಮಿಕ್ಕ ಬಲದಿಂದ ಹಿಡಿದುಕೊಂಡು, ದೇಹಕ್ಕೆ ಆಮ್ಲಜನಕವೇ ದೊರೆಯದಂತೆ ಮಾಡುವುದು. ಬಾಣಂತಿಯನ್ನೂ ಹಸುಗೂಸನ್ನೂ ಬೆಚ್ಚಗಿಡಬೇಕೆಂಬ ಹಿರಿಯರ ಉದ್ದೇಶವು ಸರಿಯಾದುದೇ. ನಾಡಹೆಂಚಿನ ಹಳೆಯ ಮನೆಗಳಲ್ಲಿ ಹೆಂಚಿನ ಸಂದುಗಳಿಂದ ಗಾಳಿಯಾಡುತ್ತಿದ್ದುದರಿಂದ ಕೆಂಡದ ಅಗ್ಗಿಷ್ಟಿಕೆಯ ಅಪಾಯವು ಕಡಮೆಯಾಗುತ್ತಿತ್ತು. ಈಗಿನ ಕಾಂಕ್ರೀಟಿನ ಮನೆಗಳಲ್ಲಿ ಕಿಟಕಿಯ ಗಾಜುಗಳನ್ನು ಮುಚ್ಚಿ, ಬಾಗಿಲ ಸಂದಿಗೆ ಬಟ್ಟೆಯನ್ನು ತುರುಕಿ, ಒಳಗೆ ಇದ್ದಲ ಕೆಂಡವನ್ನಿಟ್ಟರೆ ಆ ಕೋಣೆಯೇ ಮೃತ್ಯುವಿನ ಬಾಯಾಗುವುದು. ಕೆಂಡವು ಹೊಗೆಯಿಲ್ಲದೆ ಕೆಂಪಗೆ ಉರಿಯುತ್ತಿದ್ದರೆ ಭಯವಿಲ್ಲವೆಂದು ಹಲವರು ತಿಳಿದಿದ್ದಾರೆ. ಹೊಗೆಯಾದರೂ ಕೆಮ್ಮಿಸಿ ಎಚ್ಚರಿಸುವುದು. ಹೊಗೆಯಿಲ್ಲದ ಕೆಂಡದಿಂದ ಬರುವ ಈ ಅನಿಲವು ಎಚ್ಚರಿಕೆಯನ್ನೇ ಕೊಡದೆ ನಿದ್ರೆಯಲ್ಲಿಯೇ ಕೊಲ್ಲುವುದು. ತಲೆನೋವು, ತಲೆಸುತ್ತು, ಓಕರಿಕೆ, ಮಂಪರು ಇವು ಅದರ ಚಿಹ್ನೆಗಳು. ಇವು ಕಂಡೊಡನೆ ತಾಯಿಮಗುವನ್ನು ಹೊರಗಾಳಿಗೆ ಕರೆತಂದು ವೈದ್ಯರ ನೆರವನ್ನು ಪಡೆಯತಕ್ಕದ್ದು. ಕೋಣೆಯನ್ನು ಬೆಚ್ಚಗಿಡಲು ಉಣ್ಣೆಯ ಬಟ್ಟೆ, ಹೊದಿಕೆ, ತಾಯಿಯ ಮೈಗೆ ಮಗುವನ್ನು ಒತ್ತಿ ಮಲಗಿಸುವುದು ಇವೇ ಸಾಕು; ಕೆಂಡವು ಬೇಡ.

ಎರಡನೆಯದು ಬಚ್ಚಲುಮನೆಗೆ ಸಂಬಂಧಿಸಿದುದು. ಪಾಯಿಖಾನೆಯನ್ನು ತೊಳೆಯುವ ದ್ರವಗಳಲ್ಲಿ ಅನೇಕವು ಆಮ್ಲಗಳು. ಬ್ಲೀಚಿಂಗ್ ಪುಡಿಯಲ್ಲಿ ಕ್ಲೋರಿನ್ ಸಂಯುಕ್ತರೂಪದಲ್ಲಿ ಅಡಗಿರುತ್ತದೆ. ಒಂದರಿಂದ ಕೊಳೆ ಹೋಗುವುದಾದರೆ ಎರಡನ್ನೂ ಬೆರೆಸಿದರೆ ಇಮ್ಮಡಿ ಶುಚಿಯಾಗುವುದೆಂದು ಭಾವಿಸುವವರು ಇವನ್ನು ಬರಿಯ ಮಿಶ್ರಣವೆಂದು ತಿಳಿಯುತ್ತಾರೆ. ಅಲ್ಲಿ ನಡೆಯುವುದಾದರೋ ರಾಸಾಯನಿಕ ಮಾರ್ಪಾಡು. ಆಮ್ಲವು ಸೋಕಿದೊಡನೆ ಅಡಗಿದ್ದ ಕ್ಲೋರಿನ್ ಅನಿಲವಾಗಿ ಹೊರಬಿದ್ದು ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಸುಡುವುದು; ಗಾಳಿಗಿಂತ ಸುಮಾರು ಎರಡೂವರೆ ಪಾಲು ಭಾರವಾದುದರಿಂದ ಕೂತು ತೊಳೆಯುತ್ತಿರುವವರ ಮುಖದ ಮಟ್ಟದಲ್ಲಿಯೇ ನಿಲ್ಲುವುದು. ಬ್ಲೀಚಿಂಗ್ ಪುಡಿಯನ್ನು ಅಮೋನಿಯ ಸೇರಿದ ದ್ರವಗಳೊಡನೆ ಬೆರೆಸಿದರೂ ವಿಷಾನಿಲಗಳೇ ಹುಟ್ಟುವುವು. ಅಕಸ್ಮಾತ್ ಹೀಗಾದರೆ ಪಾತ್ರೆಯನ್ನೆತ್ತಿ ಚೆಲ್ಲಲು ಹೋಗದೆ ಕೂಡಲೇ ಹೊರಗೆ ಬರಬೇಕು. ಕಣ್ಣುಗಳನ್ನು ನೀರಿನಿಂದ ತೊಳೆದುಕೊಂಡು, ಉಸಿರಾಟಕ್ಕೆ ತೊಂದರೆಯಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಮನೆಗೆಲಸಕ್ಕೆ ಬರುವವರಿಗೂ ಈ ವಿಷಯವನ್ನು ತಿಳಿಯಹೇಳುವುದು ಮನೆಯವರ ಕ���್ತವ್ಯ. ಆ ಅನಿಲವನ್ನು ಮೊದಲು ಸೇವಿಸುವವರು ಅವರೇ.

ಈ ಸಂಚಿಕೆಯನ್ನು ಓದಿ ಮುಗಿಸಿದ ದಿನವೇ ನಮ್ಮ ವಾಚಕರು ಒಂದು ಚಿಕ್ಕ ಕೆಲಸವನ್ನು ಮಾಡಬೇಕೆಂದು ಕೋರುತ್ತೇವೆ. ಮನೆಯಲ್ಲಿರುವ ಬಿಳಿಯ ಪುಡಿಗಳ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಒಂದೊಂದಕ್ಕೂ ಹೆಸರಿನ ಚೀಟಿಯನ್ನು ಅಂಟಿಸಿರಿ. ತಿನ್ನತಕ್ಕವನ್ನು ಒಂದು ಕಡೆಯೂ, ತೊಳೆಯತಕ್ಕವನ್ನು ಮಕ್ಕಳ ಕೈಗೆಟುಕದ ಮತ್ತೊಂದು ಕಡೆಯೂ ಇಡಿರಿ. ಹೆಸರು ತಿಳಿಯದ ಪುಡಿಯು ಯಾವುದಾದರೂ ಉಳಿದರೆ ಅದರ ಬೆಲೆಯನ್ನೆಣಿಸದೆ, ಯಾವುದರೊಡನೆಯೂ ಬೆರೆಸದೆ, ಮನೆಯಿಂದ ಹೊರಹಾಕಿರಿ. ಗುಣವನ್ನರಿತು ಹೆಸರಿಡುವುದು, ಹೆಸರಿಟ್ಟು ಜಾತಿವಾರು ಬೇರೆಯಿರಿಸುವುದು, ಲವಾಸಿಯೆಯೂ ಮೆಂಡಲೀವನೂ ತಮ್ಮ ಪ್ರಯೋಗಶಾಲೆಗಳಲ್ಲಿ ಮಾಡಿದುದು ಇದೇ ಕೆಲಸವನ್ನು. ಅಡಿಗೆಯ ಮನೆಯಲ್ಲಿ ಅದನ್ನು ಮಾಡಲು ಒಂದು ಮಧ್ಯಾಹ್ನದ ಬಿಡುವು ಸಾಕು.